ಕೊಸರಿನ ಲೆಕ್ಕ ತಿದ್ದಲು ಹೊರಟ ಸರ್ವಮಂಗಳಮ್ಮ

ಬೆಳಗಿನ ಮೊದಲ ಬಸ್ಸು ಮಾಯಸಂದ್ರಕ್ಕೆ ಬಂದು ನಿಂತಾಗ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸರ್ವಮಂಗಳಮ್ಮ ಇಳಿದವರೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ವೈರ್ ಬ್ಯಾಗನ್ನು ಎಡಗೈಗೆ ಬದಲಾಯಿಸಿಕೊಂಡು ತೋಟದ ದಾರಿ ಹಿಡಿಯುತ್ತಾರೆ. ಬ್ಯಾಗಿನಲ್ಲಿ ಷೇರು ಅರ್ಜಿಯ ಫಾರಂಗಳು, ಹೆಬ್ಬೆಟ್ಟು ಒತ್ತಿಸಲು ಇಂಕ್ ಪ್ಯಾಡು, ಒಂದು ಡಬ್ಬಿ ಅವಲಕ್ಕಿ. ಹೊತ್ತೇರಿದರೆ ಜನ ಮನೆಯಲ್ಲಿ ಸಿಗುವುದಿಲ್ಲ, ಸಿಕ್ಕರೂ ಕೂತು ಕೇಳುವುದಿಲ್ಲ. ಅದಕ್ಕೇ ಈ ಓಟ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಪೇಟೆಯ ಚಪ್ಪಲಿ ಹಾಕಿಕೊಂಡು ಬಂದ ನಾನು ಏದುಸಿರು ಬಿಡುತ್ತ ಹಿಂದೆ ಬೀಳುತ್ತಿದ್ದೇನೆ.

"ಇವತ್ತು ಫಾರಂ ತುಂಬ್ಸೋಕೆ ಅಂತ ಬಂದಿಲ್ಲ ಕಣ್ರೀ," ಎನ್ನುತ್ತಾರೆ ತಿರುಗಿ ನೋಡದೆ. "ಹೊಂಬಾಳಮ್ಮನಿಗೆ ಒಂದು ತಪ್ಪು ಹೇಳಿದ್ದೆ. ಅದನ್ನ ಸರಿ ಮಾಡ್ಬೇಕು. ಆಮೇಲೆ ಅವ್ರು ನನ್ನ ಜಗಲಿ ಹತ್ತಿಸ್ತಾರೋ ಇಲ್ವೋ, ನೋಡೋಣ."

ತುರುವೇಕೆರೆಯಲ್ಲಿ ಇವರನ್ನು ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗದು. ಷೇರಮ್ಮ ಎಂದರೆ ದಾರಿ ತೋರಿಸುತ್ತಾರೆ. ಎಸ್ಸೆಸ್ಸೆಲ್ಸಿವರೆಗೆ ಓದಿದವರು, ವಯಸ್ಸು ನಲವತ್ತು ದಾಟಿದೆ. ಗಂಡ ಶಂಭುಲಿಂಗಯ್ಯನವರದು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ದಿನಸಿ ಅಂಗಡಿ. ಹತ್ತು ವರ್ಷದ ಹಿಂದೆ, ಎಪ್ಪತ್ತಾರನೇ ಇಸವಿಯಲ್ಲಿ, ಅಂಚೆ ಕಚೇರಿಯ ಉಳಿತಾಯದ ಏಜೆಂಟಾಗಿ ಮನೆ ಮನೆ ಸುತ್ತಲು ಶುರು ಮಾಡಿದರು. ಗಂಡ ಅಂಗಡಿಯಲ್ಲಿ ಕೂತಿದ್ದರೆ ಹೆಂಡತಿ ಊರು ಅಲೆಯುತ್ತಾಳೆ ಎಂದು ಆಡಿಕೊಂಡವರು ಬಹಳ. "ಆಡ್ಕೊಳ್ಳೋರ ಮನೇಲೂ ಆಮೇಲೆ ಖಾತೆ ತೆಗೆಸ್ದೆ ಬುಡಿ," ಎಂದು ನಗುತ್ತಾರೆ.

ಈ ಎರಡು ಮೂರು ವರ್ಷಗಳಿಂದ ನಮ್ಮ ಕಡೆಯೂ ಷೇರಿನ ಗಾಳಿ ಬೀಸಿದೆ. ತಿಪಟೂರು ಸಂತೆಯಲ್ಲಿ ಕೊಬ್ಬರಿಗೆ ಒಳ್ಳೆ ಬೆಲೆ ಸಿಕ್ಕಿದವರು ಈಗ ಹೊಸ ಕಂಪನಿಗಳ ಹೆಸರು ಕೇಳುತ್ತಾರೆ. ಬೆಂಗಳೂರಿನ ಒಬ್ಬ ದಲ್ಲಾಳಿಯ ಕಚೇರಿಯಿಂದ ಫಾರಂ ತಂದು ಹಂಚುವುದು ಸರ್ವಮಂಗಳಮ್ಮನವರ ಹೊಸ ಕೆಲಸ. ದಿನಕ್ಕೆ ಎಂಟು ಹತ್ತು ಮನೆ, ಮೂರು ನಾಲ್ಕು ಮೈಲಿ ನಡಿಗೆ. ಸಾವಿರ ರೂಪಾಯಿಯ ಅರ್ಜಿಗೆ ಇವರ ಕೈಗೆ ಬರುವುದು ಹತ್ತು ರೂಪಾಯಿ, ಅದೂ ಕಂಪನಿ ಷೇರು ಕೊಟ್ಟರೆ ಮಾತ್ರ.

ಆದರೆ ಹೆಚ್ಚು ಹೊತ್ತು ಹಿಡಿಯುವುದು ಬರೆಸುವುದಕ್ಕಲ್ಲ, ಬಿಡಿಸಿ ಹೇಳುವುದಕ್ಕೆ. "ಷೇರು ಅಂದ್ರೆ ತೋಟದಲ್ಲಿ ಪಾಲು. ಫಸಲು ಬಂದ್ರೆ ಡಿವಿಡೆಂಡು, ಬರದಿದ್ರೆ ಇಲ್ಲ. ಡಿಬೆಂಚರು ಅಂದ್ರೆ ತೋಟದವನಿಗೆ ಕೊಟ್ಟ ಸಾಲ. ಫಸಲು ಬರ್ಲಿ ಬಿಡ್ಲಿ, ಅವನು ಬಡ್ಡಿ ಕಟ್ಲೇಬೇಕು. ಮುಖಬೆಲೆ ಅಂದ್ರೆ ಸಸಿ ನೆಟ್ಟಾಗಿನ ರೇಟು, ಪೇಟೆ ಬೆಲೆ ಅಂದ್ರೆ ಇವತ್ತು ಆ ಮರಕ್ಕೆ ಜನ ಎಷ್ಟು ಕೊಡ್ತಾರೆ ಅಂತ." ಇದೇ ಪಾಠ, ಜಗಲಿಯಿಂದ ಜಗಲಿಗೆ. ಕೇಳುವವರಿಗೂ ಹಿತ, ಹೇಳುವವರಿಗೂ ಸಲೀಸು. ಎಡವಟ್ಟಾದದ್ದು ಈ ಸಲೀಸಿನಲ್ಲೇ.

ಹೊಂಬಾಳಮ್ಮ ಮಾಯಸಂದ್ರದ ಒಂದು ತೋಟದ ಯಜಮಾನಿ. ಸರ್ವಮಂಗಳಮ್ಮನವರ ಮಾತು ನಂಬಿ ಒಂದು ಪಂಪ್‌ಸೆಟ್ ಕಂಪನಿಯ ನೂರು ಷೇರು ತೆಗೆದುಕೊಂಡಿದ್ದರು. ಹೋದ ವರ್ಷ ಕಂಪನಿ ಒಂದು ಷೇರಿಗೆ ಇನ್ನೊಂದರಂತೆ ಬೋನಸ್ ಷೇರು ಕೊಟ್ಟಿತು. ಬೋನಸ್ ಎಂದರೇನು ಎಂದು ಕೇಳಿದ್ದಕ್ಕೆ ಸರ್ವಮಂಗಳಮ್ಮ, "ಕೊಸರು ಇದ್ದಂಗೆ ಕಣ್ರೀ, ಪುಕ್ಕಟೆ," ಎಂದುಬಿಟ್ಟರು. ಹೊಂಬಾಳಮ್ಮನ ಮನೆಯ ರೂಢಿಯಲ್ಲಿ, ನೂರು ಕಾಯಿ ಎಣಿಸಿ ಹಾಕಿದ ಮೇಲೆ ಹೆಚ್ಚಿಗೆ ತೆಗೆದಿಡುವ ಒಂದೆರಡು ಕಾಯಿಯ ಕೊಸರು ಮನೆಯವರದಲ್ಲ, ಎಣಿಸಿದವನದು. ಹೊಸ ಷೇರು ಪತ್ರ ರಿಜಿಸ್ಟರ್ ಅಂಚೆಯಲ್ಲಿ ಬಂದ ದಿನವೇ ಆಕೆ ಅದನ್ನು ಕಾಯಿ ಎಣಿಸುವ ಕೆಂಚಪ್ಪನ ಕೈಗಿಟ್ಟರು.

ಕಳೆದ ವಾರ ಕೆಂಚಪ್ಪ ಆ ಪತ್ರ ಹಿಡಿದು ಸರ್ವಮಂಗಳಮ್ಮನವರ ಅಂಗಡಿಗೆ ಬಂದ. ಮಾರಿಸಿಕೊಟ್ಟರೆ ಗುಡಿಸಲಿಗೆ ಹೆಂಚು ಹೊದಿಸುತ್ತೇನೆ ಎಂದ. ಪತ್ರದ ಮೇಲೆ ಹೊಂಬಾಳಮ್ಮನ ಹೆಸರು ನೋಡಿ ಇವರು ಬೆಂಗಳೂರಿಗೆ ಹೋಗಿ ವಿಚಾರಿಸಿದರು. ದಲ್ಲಾಳಿ ಕಚೇರಿಯ ಗುಮಾಸ್ತ ಮಾತ್ರ, ವರ್ಗಾವಣೆ ಫಾರಂಗೆ ಯಜಮಾನಿಯ ಸಹಿ ಹಾಕಿಸಿ, ನಿಮ್ಮ ಕಮಿಷನ್ ನಿಮಗೆ ಎಂದ. ಹಾಗೆ ಮಾಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ನಾವು ಹೋದಾಗ ಕೆಂಚಪ್ಪ ಅಂಗಳದಲ್ಲಿ ಕಾಯಿ ಎಣಿಸುತ್ತಿದ್ದಾನೆ. ಹೊಂಬಾಳಮ್ಮ ಜಗಲಿ ಕಂಬಕ್ಕೆ ಒರಗಿ ಕೂತಿದ್ದಾರೆ. ಸರ್ವಮಂಗಳಮ್ಮ ನಿಂತೇ ಮಾತು ಶುರು ಮಾಡುತ್ತಾರೆ.

"ಬೋನಸ್ ಅಂದ್ರೆ ಕೊಸರು ಅಂದಿದ್ನಲ್ಲ, ಅದು ತಪ್ಪು ಹೊಂಬಾಳಮ್ನೋರೇ."

"ತಪ್ಪೇನು ಬಂತು? ಕೊಸರು ಬಂತು, ಕೆಂಚಪ್ಪಂಗೆ ಕೊಟ್ಟೆ. ಕೊಸರು ನಾವು ಇಟ್ಕೊಂಡಿದ್ದುಂಟಾ?"

"ಈ ರಾಶೀನ ಎರಡು ಗುಡ್ಡೆ ಮಾಡಿದ್ರೆ ಕಾಯಿ ಜಾಸ್ತಿ ಆಗ್ತವಾ?"

"ಎಲ್ಲಿಂದ ಆದಾವು?"

"ಕಂಪನಿ ಮಾಡಿರೋದೂ ಅಷ್ಟೇ. ಮೊದ್ಲು ನಿಮ್ಮವು ನೂರು ಷೇರು, ಒಂದಕ್ಕೆ ನಲವತ್ತು ರೂಪಾಯಿ. ಬೋನಸ್ ಆದ್ಮೇಲೆ ಇನ್ನೂರು, ಒಂದಕ್ಕೆ ಇಪ್ಪತ್ತು. ಪೇಪರಲ್ಲಿ ರೇಟು ಬಿದ್ದಾಗ ನಾನೂ ಕಂಪನಿ ಮುಳುಗ್ತು ಅನ್ಕೊಂಡಿದ್ದೆ. ಬೆಂಗ್ಳೂರಲ್ಲಿ ಕೇಳ್ದಾಗ ಗೊತ್ತಾಯ್ತು. ನೀವು ಕೊಟ್ಟಿದ್ದು ಕೊಸರಲ್ಲ. ಅರ್ಧ ರಾಶಿ."

ಕೆಂಚಪ್ಪನ ಎಣಿಕೆ ನಿಂತುಹೋಗುತ್ತದೆ. ಎದ್ದು ಪಕ್ಕದ ತನ್ನ ಗುಡಿಸಲಿಗೆ ಹೋಗಿ, ಟವೆಲಿನಲ್ಲಿ ಸುತ್ತಿದ್ದ ಪತ್ರ ತಂದು ಜಗಲಿಯ ಮೇಲಿಡುತ್ತಾನೆ. "ಕೊಸರು ಅಂತ ಇಸ್ಕಂಡೆ ಕಣವ್ವ. ರಾಶಿ ನಂಗೆ ಬ್ಯಾಡ." ಅವನ ಮುಖ ನೋಡಲಾಗದೆ ನಾನು ತೆಂಗಿನ ಮರ ನೋಡುತ್ತೇನೆ. ಈ ಬಡಪಾಯಿಗೆ ಇದು ಬೇಕಿತ್ತೇ ಎಂದು ನನಗೇ ಸಂಕಟವಾಗುತ್ತದೆ.

ಹೊಂಬಾಳಮ್ಮ ಸಿಡಿಯುತ್ತಾರೆ. ಸಿಟ್ಟು ಕೆಂಚಪ್ಪನ ಮೇಲಲ್ಲ. "ನೀನು ಬಾಯಿ ಮುಚ್ಕೊಂಡಿದ್ರೆ ಇವನ ಮನೆಗೆ ಹೆಂಚಾಗೋದು. ನಂಗೂ ಗೊತ್ತಾಗ್ತಿರ್ಲಿಲ್ಲ. ಯಾಕಾದ್ರೂ ಬಂದೆ ಮಂಗಳಮ್ಮ?"

"ಗೊತ್ತಿಲ್ದೆ ಕೊಟ್ರೆ ಅದು ನೀವು ಕೊಟ್ಟಂಗಲ್ಲ, ನಾನು ಕೊಡಿಸ್ದಂಗೆ. ಈಗ ಗೊತ್ತಾಗಿದೆ. ಕೊಡೋದು ಬಿಡೋದು ನಿಮ್ಮಿಷ್ಟ."

ಹೊಂಬಾಳಮ್ಮ ಪತ್ರ ಎತ್ತಿಕೊಂಡು ಒಳಗೆ ಹೋಗಿ, ಬರಿಗೈಯಲ್ಲಿ ಹೊರಗೆ ಬರುತ್ತಾರೆ. "ರಾಶಿ ಕೊಡಕ್ಕಾಗಲ್ಲ ಕಣಪ್ಪ ಕೆಂಚಪ್ಪ. ಅದೇನೋ ಡಿವಿಡೆಂಡು ಬತ್ತದಲ್ಲ, ಅದ್ರಲ್ಲಿ ನಿಂಗೆ ಕೊಸರು ತೆಗೀತೀನಿ." ಕೆಂಚಪ್ಪ ತಲೆಯಾಡಿಸಿ ರಾಶಿಯ ಮುಂದೆ ಕೂರುತ್ತಾನೆ. ಎಲ್ಲಿಗೆ ನಿಲ್ಲಿಸಿದ್ದೆನೆಂಬುದು ಅವನಿಗೆ ಮರೆತಿದೆ. ಮತ್ತೆ ಮೊದಲಿನಿಂದ ಎಣಿಸತೊಡಗುತ್ತಾನೆ.

ಹೋದಾಗಲೆಲ್ಲ ಕಾಫಿ ಕೊಡುತ್ತಿದ್ದ ಮನೆಯಂತೆ. ಇವತ್ತು ಯಾರೂ ಕೇಳುವುದಿಲ್ಲ. ಸರ್ವಮಂಗಳಮ್ಮ ಅದನ್ನು ಗಮನಿಸಿದ್ದಾರೆ, ನನಗೆ ಗೊತ್ತು.

"ಬೋನಸ್ ಅಂತಲೇ ಹೇಳ್ಬೇಕಿತ್ತು," ಎನ್ನುತ್ತಾರೆ ಬೇಲಿ ದಾಟಿದ ಮೇಲೆ. "ಗೊತ್ತಿಲ್ಲದ ಮಾತಾದ್ರೆ ಜನ ಇನ್ನೊಂದ್ಸಲ ಕೇಳ್ತಾರೆ. ಕೊಸರು ಅಂದ್ರೆ ಯಾರು ಕೇಳ್ತಾರೆ? ಎಲ್ರಿಗೂ ಗೊತ್ತಿರೋದೇ ಅಲ್ವಾ."

ಇನ್ನೆಷ್ಟು ಮನೆಯಲ್ಲಿ ಹಾಗೆ ಹೇಳಿದ್ದೀರಿ ಎಂದು ಕೇಳುತ್ತೇನೆ. ಅವರು ಮುಂದಿನ ತೋಟದ ಗೇಟಿನ ಅಗುಳಿ ತೆಗೆಯುತ್ತಾರೆ. ಒಳಗೆ ನಂಜುಂಡಪ್ಪನವರು ಎಮ್ಮೆಯ ಹಾಲು ಕರೆಯುತ್ತಿದ್ದವರು ತಲೆಯೆತ್ತಿ, "ಬನ್ನಿ ಬನ್ನಿ ಷೇರಮ್ನೋರೇ, ಯಾವ ಕಂಪನಿ ತಂದ್ರಿ?" ಎಂದು ಖುಷಿಯಿಂದ ಕೂಗುತ್ತಾರೆ.

"ಕಂಪನಿ ಆಮೇಲೆ ನಂಜುಂಡಪ್ನೋರೇ. ಹೋದ ವರ್ಷ ನಿಮ್ಗೊಂದು ತಪ್ಪು ಹೇಳಿದ್ದೆ. ಹಾಲು ಕರ್ಕೊಂಡು ಬನ್ನಿ, ಕೂತಿರ್ತೀನಿ."