ಕೇಸ್ ಶೀಟಿನಲ್ಲಿಲ್ಲದ ಹಳದಿ

ನಾನು ಎಂ.ಬಿ.ಬಿ.ಎಸ್. ಮುಗಿಸಿ ದೊಡ್ಡಾಸ್ಪತ್ರೆಯೊಂದರಲ್ಲಿ ಹೌಸ್ ಸರ್ಜನ್ ಆಗಿದ್ದದ್ದು ಎಂಬತ್ತರ ದಶಕದ ಶುರುವಿನಲ್ಲಿ. ಆ ವರ್ಷ ಚನ್ನಗಿರಿಯ ನನ್ನ ಸೋದರಮಾವ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ತನ್ನ ಅಡಿಕೆ ಮಳಿಗೆಗಳಲ್ಲಿ ಒಂದನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸಿದ. ಒಳಗೆ ಒಂದು ಬೆಂಚು, ಒಂದು ಹಸಿರು ಪರದೆ. ಬೋರ್ಡು ಬರೆಯುವವನು ನನ್ನ ಹೆಸರು ಮುಗಿಸಿ, ಅದರ ಕೆಳಗೆ ಏನು ಬರೆಯಲಿ ಎಂದು ಕುಂಚ ಹಿಡಿದು ಕಾಯುತ್ತಿದ್ದ. ಕ್ಲಿನಿಕ್ ಬೇಡ, ಇನ್ನೂ ಮೂರು ವರ್ಷ ಓದಿ ಆಸ್ಪತ್ರೆಯಲ್ಲೇ ಫಿಜಿಷಿಯನ್ ಆಗುತ್ತೇನೆ ಎಂದೆ.

"ಅಂದ್ರೆ ಯಾವುದರ ಡಾಕ್ಟರು?" ಎಂದ ಮಾವ.

"ಒಳಗಿರೋದೆಲ್ಲದರ."

"ಕೊಯ್ಯೋದು?"

"ಇಲ್ಲ."

"ಹೆರಿಗೆ?"

"ಇಲ್ಲ."

"ಇಂಜೆಕ್ಷನ್ನಾದ್ರೂ ಕೊಡ್ತೀಯೋ?"

"ಅದನ್ನ ನರ್ಸು ಕೊಡ್ತಾರೆ."

ಮಾವ ಹಸಿರು ಪರದೆ ಸರಿಸಿ ಬೆಂಚಿನ ಮೇಲೆ ಕೂತ. "ಹಂಗಾರೆ ನೀನು ಮಾಡೋದೇನು?"

"ಕೇಳ್ತೀನಿ, ನೋಡ್ತೀನಿ, ಯೋಚನೆ ಮಾಡ್ತೀನಿ."

"ಅದನ್ನ ನಮ್ಮ ಮಂಡಿ ಮುಂದೆ ಕೂತಿರೋರೂ ಮಾಡ್ತಾರಪ್ಪ."

ಹೊನ್ನಾಳಿಯಿಂದ ಹೆಣ್ಣಿನ ಕಡೆಯವರು ಬಂದಾಗಲೂ ಇದೇ ವಿಚಾರಣೆ. ಹುಡುಗಿಯ ತಂದೆ ನ್ಯಾಯವಾಗಿಯೇ ಹೇಳಿದರು: "ಕಣ್ಣು, ಹಲ್ಲು, ಮೂಳೆ ಅಂದ್ರೆ ನಾಲ್ಕು ಜನದ ಮುಂದೆ ಹೇಳಾಕೆ ಬರ್ತೈತೆ. ಇದನ್ನ ಹೆಂಗೆ ಹೇಳೋದ್ರೀ?" ಉಪ್ಪಿಟ್ಟು ತಿಂದು ಹೋದರು. ಹುಡುಗಿಗೆ ಹಲ್ಲಿನ ಡಾಕ್ಟರು ಸಿಕ್ಕರೆಂದು ಆಮೇಲೆ ತಿಳಿಯಿತು.

ನನ್ನ ಆಸೆಗೆ ಕಾರಣ ಕರುಣೆಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದಲ್ಲಿ ಹೈಸ್ಕೂಲಿನಲ್ಲಿದ್ದಾಗ ಹಳ್ಳಿ ಮೇಲೋ ಪಟ್ಟಣ ಮೇಲೋ ಎಂಬ ವಿಷಯದ ಮೇಲೆ ಬೆಳಗ್ಗೆ ಒಂದು ಸ್ಪರ್ಧೆಯಲ್ಲಿ ಹಳ್ಳಿಯ ಪರ, ಮಧ್ಯಾಹ್ನ ಇನ್ನೊಂದರಲ್ಲಿ ಪಟ್ಟಣದ ಪರ ಮಾತಾಡಿ, ಎರಡರಲ್ಲೂ ಗೆದ್ದು ಎರಡು ಸ್ಟೀಲ್ ಲೋಟ ತಂದವನು ನಾನು. ವೈದ್ಯಕೀಯದಲ್ಲಿ ವಾದಕ್ಕೆ ಹತ್ತಿರವಾದದ್ದು ಇದೊಂದೇ ವಿಭಾಗ ಎನ್ನಿಸಿತ್ತು. ಸಾಕ್ಷಿ, ಪಾಟೀಸವಾಲು, ತೀರ್ಪು. ರಕ್ತವಿಲ್ಲ.

ಎಂ.ಡಿ. ಅರ್ಜಿಯನ್ನು ಸೋಮವಾರದೊಳಗೆ ಕೊಡಬೇಕಿತ್ತು. ಹಿಂದಿನ ಮಂಗಳವಾರ ವಾರ್ಡಿಗೆ ಒಬ್ಬ ಅಜ್ಜಿ ಬಂದಳು. ನ್ಯಾಮತಿ ಹತ್ತಿರದ ಗೋವಿನಕೋವಿಯವಳು, ಎರಡು ತಿಂಗಳಿಂದ ಜಗಳೂರಿನಲ್ಲಿ ಮಗಳ ಮನೆಯಲ್ಲಿದ್ದಳು. ಊಟ ಸೇರುವುದಿಲ್ಲ, ವಾಕರಿಕೆ, ನಿಶ್ಶಕ್ತಿ. ಜೊತೆಗೆ ಬಂದಿದ್ದ ಮಗಳು, "ಅವ್ವಗೆ ಎಲ್ಲಾ ಹಳದಿ ಕಾಣ್ತೈತಂತೆ ಸಾರ್, ಗೋಡೆ, ಅನ್ನ, ನನ್ನ ಮುಖ ಸೈತ. ಕಾಮಾಲೆನೇ ಇರಬೇಕು," ಎಂದಳು. ಪಕ್ಕದ ಮಂಚಗಳವರೂ ಹೌದೆಂದರು.

ಇಂಥ ಒಂದು ಅವಕಾಶಕ್ಕೇ ನಾನು ಕಾಯುತ್ತಿದ್ದೆ. ಅಜ್ಜಿಯ ಕಣ್ಣಿನ ರೆಪ್ಪೆ ಎತ್ತಿ ಎಲ್ಲರಿಗೂ ತೋರಿಸಿದೆ. ಕಣ್ಣು ಬಿಳಿಯಾಗಿತ್ತು. ಮೂತ್ರವೂ ತಿಳಿಯಾಗಿತ್ತು. ಕಾಮಾಲೆಯಾದವರಿಗೆ ಲೋಕ ಹಳದಿ ಕಾಣುತ್ತದೆ ಎನ್ನುವುದು ಬರೀ ಬಾಯಿಮಾತು, ರೋಗಿ ಹಳದಿಯಾಗುತ್ತಾನೆಯೇ ಹೊರತು ಗೋಡೆಯಲ್ಲ ಎಂದು ಇಡೀ ವಾರ್ಡಿಗೆ ಪಾಠ ಮಾಡಿದೆ. ಈ ಹಳದಿ ಮನೆಯವರು ಅಜ್ಜಿಯ ತಲೆಗೆ ತುಂಬಿದ್ದು ಎಂದು ತೀರ್ಮಾನಿಸಿ ಅದನ್ನು ಕೇಸ್ ಶೀಟಿನಲ್ಲಿ ಬರೆಯಲೇ ಇಲ್ಲ.

ಮಗಳನ್ನು ಹೊರಗೆ ಕಳಿಸಿದೆ. ಆಮೇಲೆ ಪಾಟೀಸವಾಲು.

"ಈ ಮೊದಲು ಬೇರೆ ಯಾವ ಡಾಕ್ಟರಿಗಾದರೂ ತೋರಿಸಿದ್ರಾ?"

"ಇಲ್ಲರೀ ಸಾಹೇಬ್ರೆ."

"ಏನಾದರೂ ಗುಳಿಗೆ ತಗೊಳ್ತೀರಾ?"

"ಇಲ್ಲರೀ."

"ಖಾರ ಜಾಸ್ತಿ ತಿಂತೀರಿ, ಅಲ್ವಾ?"

"ಹೌದ್ರೀ."

ಇಷ್ಟು ಒಳ್ಳೆಯ ಸಾಕ್ಷಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಹೊಟ್ಟೆಯ ಉರಿ ಎಂದು ಬರೆದೆ. ನಾಡಿ ನಿಮಿಷಕ್ಕೆ ನಲವತ್ತೆಂಟು ಇತ್ತು. ಅದಕ್ಕೂ ನನ್ನಲ್ಲಿ ಉತ್ತರವಿತ್ತು: ಹೊಲದಲ್ಲಿ ದುಡಿದ ದೇಹ, ನಿಧಾನವಾಗಿಯೇ ಇರುತ್ತದೆ.

ಗುರುವಾರ ಅಜ್ಜಿ ಮಂಚದಿಂದ ಏಳಲು ಹೋಗಿ ಕುಸಿದಳು. ನಾಡಿ ಮೂವತ್ತಾರಕ್ಕೆ ಇಳಿದಿತ್ತು. ಇ.ಸಿ.ಜಿ. ಪಟ್ಟಿ ಹಿಡಿದು ನಮ್ಮ ಹಿರಿಯ ಫಿಜಿಷಿಯನ್ ಬಂದರು. ಮಾತು ಕಡಿಮೆ, ತೇಪೆ ಹಾಕಿದ ಚಪ್ಪಲಿ, ಊರಿನಲ್ಲಿ ಯಾರೂ ಗುರುತು ಹಿಡಿಯದ ಮುಖ. ನನ್ನ ಕೇಸ್ ಶೀಟನ್ನು ಪೂರ್ತಿ ಓದಿದರು. "ಭಾಷೆ ಚೆನ್ನಾಗಿದೆ," ಎಂದರು. ಆಮೇಲೆ ಮಂಚದ ತುದಿಯಲ್ಲಿ ಕೂತರು.

"ನ್ಯಾಮತಿ ಕಡೆಯವರಂತೆ. ಅಲ್ಲಿ ಒಬ್ಬರು ಬಹಳ ಒಳ್ಳೇ ಡಾಕ್ಟರು ಇದ್ದಾರಂತಲ್ಲ, ನಮಗಿಂತ ಕೈಗುಣ ಜಾಸ್ತಿ ಅಂತಾರೆ."

ಅಜ್ಜಿಯ ಮುಖ ಅರಳಿತು. "ಹೌದ್ರೀ, ದೇವರಂಥೋರು. ಎದೆ ಬಡಿತಕ್ಕೆ ಎಂಟು ವರ್ಷದಿಂದ ಅವರ ಗುಳಿಗೇನೇ ನುಂಗ್ತೀನಿ."

"ಜಗಳೂರಿನ ಡಾಕ್ಟರು?"

"ಅವರೂ ಒಳ್ಳೇರು. ನಮ್ಮ ಅಳಿಯನ ಗೆಳೆಯರು."

"ಅವರ ಗುಳಿಗೆನೂ ತಗೊಳ್ತೀರಿ."

"ಬಿಟ್ರೆ ಅಳಿಯ ಬೇಜಾರು ಮಾಡ್ಕೊಳ್ಳಲ್ವಾ? ಅದಕ್ಕೆ ಬೆಳಗ್ಗೆ ಅವರದು, ಸಂಜೆ ಇವರದು."

ದಿಂಬಿನ ಕೆಳಗಿಂದ ಎಲೆಅಡಿಕೆ ಸಂಚಿ ಹೊರಬಂತು. ಒಂದು ಜೇಬಿನಲ್ಲಿ ಸುಣ್ಣದ ಡಬ್ಬಿ, ಒಂದರಲ್ಲಿ ನ್ಯಾಮತಿಯ ಕಾಗದದ ಪೊಟ್ಟಣ, ಇನ್ನೊಂದರಲ್ಲಿ ಜಗಳೂರಿನ ಪುಟ್ಟ ಸೀಸೆ. ಎರಡರಲ್ಲೂ ಒಂದೇ ಗುಳಿಗೆ, ಡಿಗಾಕ್ಸಿನ್. ಅಳತೆಯಲ್ಲಿದ್ದರೆ ಹೃದಯವನ್ನು ಹಿಡಿದು ನಡೆಸುತ್ತದೆ. ಹೆಚ್ಚಾದರೆ ವಾಕರಿಕೆ ತರುತ್ತದೆ, ಕಣ್ಣಿಗೆ ಹಳದಿ ತೋರಿಸುತ್ತದೆ, ಕೊನೆಗೆ ಹೃದಯವನ್ನು ನಿಲ್ಲಿಸಿಯೂಬಿಡುತ್ತದೆ. ಆ ಹಳದಿಯ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಪ್ಯಾರಾವೇ ಇತ್ತು. ನಾನು ಓದಿದ್ದೆ, ಅಡಿಗೆರೆಯನ್ನೂ ಎಳೆದಿದ್ದೆ. ನನ್ನ ವಾರ್ಡಿನಲ್ಲಿ ಮಲಗಿಕೊಂಡೇ ಅಜ್ಜಿ ಎರಡು ದಿನವೂ ಎರಡೂ ಕಡೆಯ ಗೌರವ ಕಾಪಾಡಿದ್ದಳು.

ಹಿರಿಯರು ನನ್ನತ್ತ ಕೈ ತೋರಿಸಿ ಕೇಳಿದರು: "ಈ ಡಾಕ್ಟರು ಕೇಳಿದಾಗ ಯಾಕೆ ಹೇಳಲಿಲ್ಲ?"

"ಅವರು ಅಷ್ಟು ಪ್ರೀತಿಯಿಂದ ಕೇಳ್ತಿದ್ರು. ಅವರ ಮುಂದೆ ಇನ್ನೊಬ್ಬ ಡಾಕ್ಟರ ಹೆಸರು ಹೆಂಗೆ ಎತ್ತಲಿ? ಇಲ್ಲ ಅಂದ್ರೆ ಅವರಿಗೆ ಖುಷಿ ಆಗ್ತಿತ್ತು."

ಆಗುತ್ತಿತ್ತು, ನಿಜ.

ಗುಳಿಗೆ ನಿಲ್ಲಿಸಿದರು. ಇ.ಸಿ.ಜಿ. ತೆಗೆಯುತ್ತಾ ಕಾದೆವು, ಅಷ್ಟೆ. ಶುಕ್ರವಾರ ನಾಡಿ ನಲವತ್ತಕ್ಕೆ ಬಂತು. ಕಾರಿಡಾರಿನಲ್ಲಿ ನಾನು ವಾದ ಹೂಡಿದೆ. ಸಾಕ್ಷಿ ಸುಳ್ಳು ಹೇಳಿದರೆ ತೀರ್ಪು ಕೊಟ್ಟವನ ತಪ್ಪು ಹೇಗೆ ಸಾರ್ ಎಂದೆ. "ಅಜ್ಜಿ ಒಂದು ನಿಜ ಹೇಳಿದ್ದಳಲ್ಲ, ಹಳದಿ ಅಂತ," ಎಂದರು ಅವರು. "ಅದನ್ನ ನೀನು ಬರೀಲಿಲ್ಲ. ಇಷ್ಟು ಚೆನ್ನಾಗಿ ಮಾತಾಡ್ತೀಯ, ನಿನಗೆ ಕ್ಲಿನಿಕ್ಕೇ ಸರಿಯೇನೋ, ನೋಡು."

ಎರಡು ದಿನ ನೋಡಿದೆ. ಮಳಿಗೆಯ ಪರ ವಾದಿಸುವುದು ಸುಲಭವಿತ್ತು. ಅಲ್ಲಿ ನನ್ನ ಮಾತಿಗೆ ಜನ ಹೌದ್ರೀ ಎನ್ನುತ್ತಾರೆ. ಅಜ್ಜಿಯಂಥವರು ಹೊಟ್ಟೆ ಉರಿಯ ಔಷಧಿ ತಗೊಂಡು, ಕೈಮುಗಿದು ಜಗಳೂರಿನ ಬಸ್ಸು ಹತ್ತುತ್ತಾರೆ. ಆಮೇಲೆ ಅವರು ಮನೆಯಲ್ಲಿ ಸತ್ತರೆ ಅದು ವಯಸ್ಸಾಗಿ ಬಂದ ಸಾವು, ನನ್ನ ಕೈಗುಣಕ್ಕೆ ಏನೂ ಆಗುವುದಿಲ್ಲ. ಆ ವಾದದಲ್ಲಿ ಒಂದೂ ದೋಷ ಕಾಣಲಿಲ್ಲ, ಅದೇ ನನ್ನನ್ನು ಹೆದರಿಸಿತು. ಆಸ್ಪತ್ರೆಯಲ್ಲಾದರೋ ನಾನು ಬರೆದದ್ದನ್ನು ಮಾರನೆಯ ದಿನ ಇನ್ನೊಬ್ಬರು ಪೂರ್ತಿ ಓದುತ್ತಾರೆ, ನನ್ನ ರೋಗಿಯ ಮಂಚದ ತುದಿಯಲ್ಲಿ ಕೂತು ಮತ್ತೆ ಕೇಳುತ್ತಾರೆ. ನನ್ನಂಥ ನಾಲಿಗೆಯವನನ್ನು ಅಂಥವರಿಲ್ಲದ ಕೋಣೆಯಲ್ಲಿ ಒಬ್ಬನನ್ನೇ ಕೂರಿಸಬಾರದು.

ಸೋಮವಾರ ಬೆಳಗ್ಗೆ ಅಜ್ಜಿಯ ನಾಡಿ ಅರವತ್ತೆರಡು. "ಗೋಡೆ ಯಾವ ಬಣ್ಣ ಅಜ್ಜಿ?" ಎಂದೆ.

"ನೀವು ಹೇಳಿದ ಬಣ್ಣಾನೇ ಸಾಹೇಬ್ರೆ."

"ನಾನು ಹೇಳಿದ್ದು ಬಿಡು, ನಿನಗೆ ಏನು ಕಾಣ್ತೈತೆ?"

ಅಜ್ಜಿ ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕೊನೆಗೆ ಗೋಡೆ ನೋಡಿದಳು. "ಬೆಳ್ಳಗೈತೆ. ಆದ್ರೆ ಬಾಳ ಹೊಲಸಾಗೈತೆ."

ಬರೆದುಕೊಂಡೆ. ಅರ್ಜಿ ಕೊಟ್ಟು ಚನ್ನಗಿರಿಗೆ ಹೋಗಿ ಮಾವನಿಗೆ ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ.

"ಕೊನೆಗೆ ಆ ದೊಡ್ಡ ಡಾಕ್ಟರು ಏನು ಕೊಟ್ರು?"

"ಏನೂ ಕೊಡಲಿಲ್ಲ. ತಗೊಳ್ತಿದ್ದದ್ದನ್ನ ನಿಲ್ಲಿಸಿದ್ರು."

"ಇದನ್ನ ಕಲಿಯಾಕೆ ನಿನಗೆ ಇನ್ನೂ ಮೂರು ವರ್ಷ ಬೇಕಾ?"

"ನನಗೆ ಜಾಸ್ತಿನೇ ಬೇಕಾಗಬಹುದು ಮಾವ."

ಮಾವ ಬಾಗಿಲಿಗೆ ಹೋಗಿ ಬೋರ್ಡಿನವನನ್ನು ಕೂಗಿ, ಹೆಸರು ಅಳಿಸಬೇಡ, ಬೋರ್ಡು ತಿರುಗಿಸಿ ಹಿಂದಲ ಕಡೆಗೆ ಅಡಿಕೆ ಮಂಡಿ ಅಂತ ಬರಿ ಎಂದ.