ಕೌಂಟರಿನ ಎದುರು ಕುಳಿತ ವಿಮಲಾ ಆಂಟಿ

ವಿಮಲಾ ಆಂಟಿ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಕಾಲನ್ನು. ಹ್ಯೂಸ್ಟನ್ನಿನಲ್ಲಿ ಕಿಡ್ನಿ ಡಾಕ್ಟರಾಗಿ ವರ್ಷಗಟ್ಟಲೆ ದುಡಿದವರಿಗೆ ಬಾವು ಹುಡುಕುವುದು ಚಟವೇ ಆಗಿತ್ತು. ಮದುವೆಮನೆಯಲ್ಲೂ ನೆರಿಗೆಯ ಕೆಳಗೆ ಇಣುಕಿ, "ಉಪ್ಪಿನಕಾಯಿ ಕಡಿಮಿ ಮಾಡ್ರಿ" ಎಂದು ಧಾರವಾಡದ ಧಾಟಿಯಲ್ಲಿ ಅಪ್ಪಣೆ ಕೊಡುತ್ತಿದ್ದರು. ಜನ ನಗುತ್ತಿದ್ದರು, ಸ್ವಲ್ಪ ದೂರವೂ ಸರಿಯುತ್ತಿದ್ದರು.

ಯುಗಾದಿ ಊಟದ ದಿನ ನನ್ನ ಮಗಳು ಅನಿಕಾಳ ಕಣಕಾಲಿಗೆ ಬೆರಳೊತ್ತಿದರು. ಬಿದ್ದ ತಗ್ಗು ಮೇಲೇಳಲಿಲ್ಲ. "ಊಟ ಆಮ್ಯಾಲ. ಇಕಿನ್ನ ಕರಕೊಂಡು ನನ್ನ ಹಿಂದ ಬಾ" ಎಂದರು.

ಅನಿಕಾಳ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿತ್ತು. ಇನ್ನೂ ಹೈಸ್ಕೂಲಿನ ಹುಡುಗಿ. ಆಂಟಿ ನನ್ನನ್ನು ಹೊರಗೆ ಕಳಿಸಿ ಅವಳೊಂದಿಗೆ ಬಹಳ ಹೊತ್ತು ಕುಳಿತರು. ಶಾಲೆಯಲ್ಲಿ ಯಾರೋ ಅವಳ ಮೈಬಣ್ಣವನ್ನು ಆಡಿಕೊಂಡಿದ್ದರಂತೆ. ನಮ್ಮವರದೇ ಕಿರಾಣಿ ಅಂಗಡಿಯಿಂದ ಬೆಳ್ಳಗಾಗುವ ಕ್ರೀಮ್ ತಂದು ತಿಂಗಳುಗಟ್ಟಲೆ ಹಚ್ಚಿಕೊಂಡಿದ್ದಳಂತೆ. ಲ್ಯಾಬಿಗೆ ಕಳಿಸಿದ ಡಬ್ಬಿಯಲ್ಲಿ ಕಿಡ್ನಿ ಕೆಡಿಸುವ ಪಾದರಸವಿತ್ತು.

ಆ ಶನಿವಾರವೇ ಆಂಟಿ ನನ್ನನ್ನು ಕರೆದುಕೊಂಡು ಅಂಗಡಿಗೆ ಹೋದರು. ಮಾಲೀಕ ಬೆಂಗಳೂರಿನವನು, ನಮ್ಮ ಕನ್ನಡ ಸಂಘದ ದೊಡ್ಡ ದಾನಿ.

"ಕಸ್ಟಮರ್ಸ್ ಕೇಳ್ತಾರೆ ಆಂಟಿ, ಇಡ್ತೀನಿ. ಬೇಡದವರು ತಗೋಬೇಡಿ."

"ನಮ್ಮ ಮನಿ ಕಡೆ ಬಿಳಿ ಮಂದಿ ಹೋಗೋ ಅಂಗಡ್ಯಾಗ ಇದನ್ನ ಇಟ್ಟು ನೋಡು. ಸಂಜಿಯೊಳಗ ಇನ್‌ಸ್ಪೆಕ್ಟರ್ ಬರ್ತಾನ. ಇಲ್ಲಿ ಕೊಳ್ಳೋರು ನಾವು, ಕಪ್ಪು ಮಂದಿ, ಮೆಕ್ಸಿಕೋದವ್ರು. ನಮ್ಮ ಕಿಡ್ನಿ ಯಾರಿಗೆ ಬೇಕಾಗೇದ?"

"ಹೊರಗೆ ಹೋಗಿ" ಎಂದ ಆತ. ಆಂಟಿ ಒಂದು ಸ್ಟೂಲ್ ಎಳೆದುಕೊಂಡು ಕೌಂಟರಿನ ಎದುರೇ ಕುಳಿತರು. ಆ ಡಬ್ಬಿ ತಂದವರಿಗೆಲ್ಲ ಅದರಲ್ಲಿ ಏನಿದೆಯೆಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳತೊಡಗಿದರು.

"ಪೊಲೀಸ್ ಕರೀತೀನಿ." ಅವನ ಕೈಯಲ್ಲಿ ಫೋನಿತ್ತು.

"ಕರಿ. ಅವರಿಗೂ ತೋರಸೋಣ."

ಅಷ್ಟರಲ್ಲಿ ನೈಜೀರಿಯಾದ ಹೆಂಗಸೊಬ್ಬಳು ಬಂದಳು. ಬುಟ್ಟಿಯಲ್ಲಿ ಅವೇ ಡಬ್ಬಿಗಳು. ಆಂಟಿಯ ಮಾತನ್ನು ಪೂರ್ತಿ ಕೇಳಿ ಕೌಂಟರನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಡಲ್ಲಾಸಿನಲ್ಲಿ ತನ್ನ ತಂಗಿ ಡಯಾಲಿಸಿಸ್‌ನಲ್ಲಿದ್ದಾಳೆ, ಅವಳಿಗೆ ಈ ಕ್ರೀಮ್ ಕಳಿಸುತ್ತಿರುವುದು ತಾನೇ ಎಂದಳು. ಆಂಟಿ ಎದ್ದು ಅವಳ ಕೈ ಹಿಡಿದರು. ಮಾಲೀಕ ಫೋನನ್ನು ಜೇಬಿಗಿಟ್ಟ.

ಡಬ್ಬಿಗಳು ಶೆಲ್ಫಿನಿಂದ ಕೌಂಟರಿನ ಕೆಳಗೆ ಹೋದವು, ಅಷ್ಟೇ. ಕೇಳಿದವರಿಗೆ ಸಿಗುತ್ತಿದ್ದವು. ಆಂಟಿ ಆರೋಗ್ಯ ಇಲಾಖೆಗೆ ದೂರು ಕೊಟ್ಟರು. ಅಧಿಕಾರಿಗಳು ಬಂದು ಮಾಲು ಹೊತ್ತೊಯ್ದರು. ಸಂಘದವರು ಆಂಟಿಯ ಮನೆಗೇ ಬಂದು, "ನಮ್ಮವರ ಹೊಟ್ಟೆ ಮೇಲೆ ಹೊಡೀಬಾರದಿತ್ತು ಮೇಡಂ" ಎಂದರು. ಆಮೇಲೆ ಆಹ್ವಾನಗಳು ನಿಂತವು.

"ಕರೀಲಿಲ್ಲಂದ್ರ ಬಿಡ್ಲಿ. ನನ್ನ ಮನ್ಯಾಗೂ ಅನ್ನ ಅದ" ಎಂದು ನಕ್ಕರು. ಆದರೆ ಆ ವರ್ಷದ ರಾಜ್ಯೋತ್ಸವದ ಸಂಜೆ ನಾನು ಹೋದಾಗ ಇಳಕಲ್ ಸೀರೆ ಉಟ್ಟು, ಟಿವಿಯನ್ನೂ ಹಾಕದೆ ಸೋಫಾದ ಮೇಲೆ ಒಬ್ಬರೇ ಕುಳಿತಿದ್ದರು.

ಅನಿಕಾ ನಿಧಾನವಾಗಿ ಚೇತರಿಸಿಕೊಂಡು ಆಸ್ಟಿನ್ನಿನಲ್ಲಿ ಕಾಲೇಜು ಸೇರಿದಳು. ಆಂಟಿಯೂ ಅಲ್ಲಿಗೆ, ಮಗನ ಮನೆಗೆ ಶಿಫ್ಟ್ ಆದರು. ಭಾನುವಾರಗಳಲ್ಲಿ ಅನಿಕಾ ಅವರನ್ನು ವಾಕಿಂಗ್ ಕರೆದೊಯ್ಯುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು.

ಹ್ಯೂಸ್ಟನ್ನಿನಲ್ಲಿ ಸಂಘ ಶ್ರದ್ಧಾಂಜಲಿ ಸಭೆ ಕರೆಯಿತು. ಸರಳ ಜೀವಿ, ಮೃದುಭಾಷಿ ಎಂದೆಲ್ಲ ಹೊಗಳಿದರು. ಮುಂದಿನ ಸಾಲಿನಲ್ಲಿ ಅಂಗಡಿಯ ಮಾಲೀಕ ಕುಳಿತಿದ್ದ. ಅನಿಕಾ ನನ್ನನ್ನೂ ಕೇಳದೆ ಎದ್ದು ಮೈಕ್ ಹಿಡಿದಳು. ತಾನು ಹಚ್ಚಿಕೊಂಡದ್ದು, ಆಸ್ಪತ್ರೆಯಲ್ಲಿ ಮಲಗಿದ್ದು, ಆಂಟಿಯನ್ನು ನಾವೆಲ್ಲ ಕರೆಯುವುದನ್ನು ಬಿಟ್ಟದ್ದು, ಎಲ್ಲವನ್ನೂ ಹೇಳಿದಳು. ಮಾಲೀಕ ನೆಲ ನೋಡುತ್ತಿದ್ದ.

ಸಭೆ ಮುಗಿದು ಕಾರಿನ ಬಳಿ ಬಂದಾಗ ತರುಣಿಯೊಬ್ಬಳು ಓಡುತ್ತಾ ಬಂದಳು. ಡಲ್ಲಾಸ್ ಹತ್ತಿರದ ಮೆಕಿನ್ನಿಯಿಂದ ನೆಂಟರ ಮನೆಗೆ ಬಂದವಳು, ತುಂಬು ಗರ್ಭಿಣಿ. ಸುತ್ತ ಒಮ್ಮೆ ನೋಡಿ, ಚೀಲದಿಂದ ತನ್ನ ಕ್ರೀಮಿನ ಡಬ್ಬಿಯನ್ನು ಅರ್ಧ ಹೊರತೆಗೆದು, ಅನಿಕಾಳನ್ನು ಮೆಲುದನಿಯಲ್ಲಿ ಕೇಳಿದಳು:

"ಆ ಕ್ರೀಮಿನ ಹೆಸರೇನಮ್ಮಾ?"