ನಡುಹೊಳೆಯಲ್ಲಿ ನಿಂತ ಮಿಷಿನ್ನು

ನನ್ನ ಮೊಮ್ಮಗಳು ಈಗ ನಾನು ಬರೆಯುವ ಹಾಳೆಯ ಮೇಲೇ ಕೂತಿದ್ದಾಳೆ. ಎತ್ತಿ ಪಕ್ಕಕ್ಕಿಟ್ಟರೆ ಅಂಬೆಗಾಲಿಟ್ಟು ಮತ್ತೆ ಬಂದು ಕೂರುತ್ತಾಳೆ. ನನಗೆ ಅಕ್ಷರ ಬರುವುದೇ ಅಷ್ಟಕ್ಕಷ್ಟೆ. ಕೂಲಿಮಠದಲ್ಲಿ ಮರಳಿನ ಮೇಲೆ ತೀಡಿದವನು ನಾನು, ಸ್ಲೇಟು ಹಿಡಿಯುವ ಮುಂಚೆಯೇ ಬಿಟ್ಟೆ. ಅಂಥದ್ದರಲ್ಲಿ ಹಾಳೆಯ ನಡುವೆ ಇವಳು. ಇರಲಿ, ಕೂರಲಿ, ಅದು ಅವಳದೇ ಜಾಗ. ನಾನು ಸುತ್ತ ಬರೆದುಕೊಳ್ಳುತ್ತೇನೆ. ಇವಳು ನಮ್ಮ ಮನೆಗೆ ಬಂದದ್ದು ಬಿಟ್ಟರೆ ಬರೆಯಲು ನನ್ನ ಹತ್ತಿರ ಇನ್ನೇನಿದೆ? ಆದರೆ ಅದನ್ನು ನೆನೆದರೆ ಹಿಗ್ಗಿಗಿಂತ ಮೊದಲು ಸಿಟ್ಟೇ ನೆತ್ತಿಗೇರುತ್ತದೆ. ಅಷ್ಟು ಹೊಟ್ಟೆ ಉರಿಸಿದವು ಆ ಮಿಷಿನ್ನುಗಳು.

ನಮ್ಮದು ಕೊಳ್ಳೇಗಾಲದ ಕಡೆಯ ಹೊಳೆದಂಡೆಯ ಊರು. ಕಾವೇರಿಯ ಈ ದಡ ಮದ್ರಾಸು, ಆ ದಡ ಮೈಸೂರು. ಜನರನ್ನು ಆಚೆಗೂ ಈಚೆಗೂ ದಾಟಿಸುವುದು ನಮ್ಮ ಅಪ್ಪನ ಕಾಲದಿಂದಲೂ ನಮ್ಮ ಮನೆಯ ಕಸುಬು. ಮೊದಲು ಬಿದಿರಿನ ದುಂಡು ತೆಪ್ಪದಲ್ಲಿ ದಾಟಿಸುತ್ತಿದ್ದೆವು. ನಮ್ಮ ಮಡುವಿಗೆ ಮೀನು ಹಿಡಿಯಲು ಬರುತ್ತಿದ್ದ ಒಬ್ಬ ಬಿಳಿ ದೊರೆ, ಸ್ವರಾಜ್ಯ ಬಂದ ಮೇಲೆ ತನ್ನ ದೇಶಕ್ಕೆ ಹೊರಟಾಗ, ತನ್ನ ಸಣ್ಣ ಮರದ ದೋಣಿಯನ್ನೂ ಅದರ ಹಿಂಬದಿಗೆ ಕಚ್ಚಿಸುವ ಮಿಷಿನ್ನನ್ನೂ ನಮಗೆ ಕೊಟ್ಟು ಹೋದ. ಕೆಳಗೆ ನೀರಿನೊಳಗೆ ಪಂಕ, ಮೇಲೆ ತಲೆಯಲ್ಲೊಂದು ಚಕ್ರ. ಚಕ್ರಕ್ಕೆ ಹಗ್ಗ ಸುತ್ತಿ ಜಗ್ಗಿದರೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಮನಸ್ಸಿದ್ದರೆ. ಹೊಳೆ ತುಂಬಿದಾಗ ತೆಪ್ಪ ಕಟ್ಟಿಹಾಕಲೇಬೇಕು, ಬುಗುರಿಯ ಹಾಗೆ ತಿರುಗಿಬಿಡುತ್ತದೆ. ಆಗ ಈ ಮಿಷಿನ್ ದೋಣಿಯೇ ಗತಿ.

ನನ್ನ ಮಗನಿಗೆ ಹೆಣ್ಣು ತಂದದ್ದು ಎದುರು ದಡದಿಂದ. ಸೊಸೆ ಬಾಣಂತನಕ್ಕೆ ಅಲ್ಲಿಗೇ ಹೋದಳು, ಇವಳು ಅಲ್ಲಿಯೇ ಹುಟ್ಟಿದಳು. ಸುದ್ದಿ ತಿಳಿದ ದಿನ ನಾನು ದೋಣಿ ಹತ್ತಲು ಕಡವಿಗೆ ಬಂದವರಿಗೆಲ್ಲ ಬೆಲ್ಲ ಹಂಚಿದೆ. ಸಕ್ಕರೆಯಲ್ಲವೇ ಎಂದು ಮೂಗು ಮುರಿದವನ ಕೈಯಿಂದ ಕೊಟ್ಟ ಬೆಲ್ಲವನ್ನೂ ಕಿತ್ತುಕೊಂಡೆ! ಮೂರು ತಿಂಗಳಿಗೆ ತಾಯಿಯನ್ನೂ ಮಗುವನ್ನೂ ಕರೆತರುವುದು ವಾಡಿಕೆ. ಅಷ್ಟು ಹೊತ್ತಿಗೆ ಶ್ರಾವಣ, ಹೊಳೆ ಎರಡೂ ದಡ ತುಂಬಿ ಕೆಂಪಗೆ ಓಡುತ್ತಿತ್ತು.

ನಮ್ಮ ಕಡವಿನಲ್ಲಿ ಒಂದು ಪದ್ಧತಿ ಇದೆ. ಕೂಸು ಮೊದಲ ಸಲ ಹೊಳೆ ದಾಟುವಾಗ ನಡುಹೊಳೆಯಲ್ಲಿ ದೋಣಿ ನಿಲ್ಲಿಸಬೇಕು. ಗಂಗವ್ವನಿಗೆ ಅರಿಶಿನ ಕುಂಕುಮ ಬಿಟ್ಟು, ಕೂಸಿನ ಅಂಗಾಲಿಗೆ ಹೊಳೆನೀರು ಮುಟ್ಟಿಸಿ, ಇವಳು ನಿನ್ನವಳೇ, ನೋಡಿಕೋ ತಾಯಿ ಎನ್ನಬೇಕು. ನಾನೂ ಹಾಗೇ ದಾಟಿದವನು, ನನ್ನ ಮಗನೂ ಹಾಗೇ. ಓಡುವ ದೋಣಿಯಲ್ಲಿ ಮುಟ್ಟಿಸಿದರೆ ಲೆಕ್ಕಕ್ಕಿಲ್ಲ, ಗಂಗವ್ವನಿಗೆ ಮುಖ ತೋರಿಸದೆ ಕದ್ದು ಓಡಿದ ಹಾಗೆ.

ಈ ನಿಲ್ಲಿಸುವುದರಿಂದಲೇ ನನ್ನ ಗ್ರಹಚಾರ ಶುರುವಾದದ್ದು. ಹಿಂದಿನ ವರ್ಷ ಗೌರಿ ಹಬ್ಬದಲ್ಲಿ ಸೊಸೆಗೆ ಮಡಿಲು ತುಂಬಲು ನಮ್ಮ ಬೀಗಿತಿ, ಅಂದರೆ ಸೊಸೆಯ ತಾಯಿ, ಒಬ್ಬಟ್ಟಿನ ಬುಟ್ಟಿ ಹೊತ್ತು ಇದೇ ದೋಣಿ ಹತ್ತಿದ್ದರು. ನಡುಹೊಳೆಯಲ್ಲಿ ಗಂಗವ್ವನಿಗೆ ಕುಂಕುಮ ಬಿಡಬೇಕು, ನಿಲ್ಲಿಸಿ ಎಂದರು. ಮಿಷಿನ್ನು ಆರಿಸಿದೆ. ಮತ್ತೆ ಜಗ್ಗಿದರೆ ಹೊತ್ತಲಿಲ್ಲ. ಜಗ್ಗಿದೆ, ಜಗ್ಗಿದೆ, ಹೊಳೆ ನಮ್ಮನ್ನು ತನ್ನ ಪಾಡಿಗೆ ತಾನು ಕೊಂಡುಹೋಯಿತು. ಕೊನೆಗೆ ಯಾರದೋ ಕಬ್ಬಿನ ಗದ್ದೆಗೆ ನುಗ್ಗಿ ನಿಂತೆವು. ಇನ್ನೊಂದಿಷ್ಟು ದೂರ ಹೋಗಿದ್ದರೆ ಬಂಡೆಸಾಲು. ಒಬ್ಬಟ್ಟೆಲ್ಲ ನೀರುಪಾಲು. ಬೀಗಿತಿ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ಮಾತಿಲ್ಲದೆ ಕೆಸರಿನಲ್ಲಿ ನಡೆದುಹೋದರು. ಅವರಿಗೆ ಮಾತೇ ಹೊರಡದಿದ್ದದ್ದು ಅದೊಂದೇ ದಿನ.

ಈಗ ಕೂಸನ್ನು ಕಳಿಸಿ ಎಂದು ಹೋದರೆ, ತೊಟ್ಟಿಲಿಗೆ ಅಡ್ಡ ನಿಂತರು.

"ಒಂದು ಮಿಷಿನ್ನ ನಂಬ್ಕಂಡು ನನ್ನ ಕೂಸ ಕಳ್ಸಕ್ಕಿಲ್ಲ ಬೀಗ್ರೇ. ಜೋಡಿ ಮಿಷಿನ್ನು ಕಟ್ಕಂಡು ಬನ್ನಿ. ಇಲ್ದಿದ್ರೆ ಒಳೆ ಇಳೀಲಿ, ದೀಪಾವಳಿ ಕಳೀಲಿ, ಆಮ್ಯಾಕೆ ನೋಡುವ."

"ಅವತ್ತು ನಿಲ್ಸು ಅಂದವ್ರು ನೀವೇ ಅಲ್ವಾ ಅಮ್ಮಾ?"

"ನಾನು ನಿಲ್ಸು ಅಂದೆ. ಸತ್ತೋಗು ಅಂದ್ನಾ?"

ದೀಪಾವಳಿ! ಅಷ್ಟು ಹೊತ್ತಿಗೆ ಕೂಸು ಮಗುಚಿಕೊಳ್ಳುತ್ತದೆ, ಬೇರೆಯವರ ಗುರುತು ಹಿಡಿದು ನಗುತ್ತದೆ. ಅದರ ಮೊದಲ ನಗುವೆಲ್ಲ ಮೈಸೂರು ಸೀಮೆಯಲ್ಲೇ ಖರ್ಚಾಗಿಬಿಟ್ಟರೆ ನನಗೇನು ಉಳಿಯುತ್ತದೆ? ಮಗನನ್ನು ಕರೆದುಕೊಂಡು ಎರಡನೇ ಮಿಷಿನ್ನು ಹುಡುಕಲು ಹೊರಟೆ.

ಯಳಂದೂರಿನಲ್ಲಿ ಒಬ್ಬ ಗೌಡರ ಮನೆಯಲ್ಲಿ ಒಂದಿದೆ ಎಂದರು. ಹೋದರೆ, ಅದು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಮದುಮಗಳ ಹಾಗೆ ಕೂತಿದೆ. ಮೈಯೆಲ್ಲ ಮಿರಮಿರ, ಕತ್ತಿಗೆ ಹಾರ. ಯಾರೋ ನೆಂಟರು ಕೊಟ್ಟದ್ದಂತೆ, ನೀರನ್ನೇ ಮುಟ್ಟಿಲ್ಲವಂತೆ. ಮುಟ್ಟದ ಮಿಷಿನ್ನು ಕೆಟ್ಟಿರುವುದು ಹೇಗೆ ಎಂದುಕೊಂಡು, ಕಟ್ಟಿ ನೋಡುತ್ತೇವೆ ಎಂದು ಕೇಳಿ, ಗಾಡಿಯಲ್ಲಿ ತಂದೆವು. ಇಬ್ಬರೂ ತಿಣುಕಿ ದೋಣಿಯ ಹಿಂಬದಿಗೆ ಕಚ್ಚಿಸಿದೆವು. ದೋಣಿಯ ಮೂತಿ ಆಕಾಶಕ್ಕೆ ಎದ್ದಿತು, ಹಿಂದುಗಡೆಯಿಂದ ಹೊಳೆ ಒಳಕ್ಕೆ ಇಣುಕಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ನಮ್ಮ ಮನೆಯವಳು ಕೂಗಿದಳು: "ಏನ್ರೀ, ದೋಣಿಗೆ ಮಿಷಿನ್ನು ತಂದ್ರಾ, ಮಿಷಿನ್ನಿಗೆ ದೋಣಿ ತಂದ್ರಾ?"

ಮೈ ಉರಿದುಹೋಯಿತು. ಹಾರದ ಸಮೇತ ಗಾಡಿಗೇರಿಸಿ ಯಳಂದೂರಿಗೆ ವಾಪಸ್ಸು. ಗೌಡರು, "ಯಾಕ್ರಪ್ಪಾ, ಒಪ್ಪಿಗೆ ಆಗ್ಲಿಲ್ವಾ?" ಎಂದು ಹೆಣ್ಣಿನ ಕಡೆಯವರ ಹಾಗೆ ಮುಖ ಚಿಕ್ಕದು ಮಾಡಿಕೊಂಡರು.

ಆಮೇಲೆ ಹನೂರು. ಬಿದಿರು ಕಡಿಸುವ ಕಂಟ್ರಾಕ್ಟರೊಬ್ಬರ ಕೊಟ್ಟಿಗೆಯಲ್ಲಿ ಒಂದು ಸಣ್ಣ ಮಿಷಿನ್ನು ಬಿದ್ದಿತ್ತು. ಅಲ್ಲಿಯ ಕಾವಲಿನವನು ಅದನ್ನು ಕೂಸಿನ ಹಾಗೆ ಕಂಕುಳಲ್ಲಿ ಎತ್ತಿಕೊಂಡು ಬಂದ. ನೀರು ತುಂಬಿದ ಪೀಪಾಯಿಯ ಅಂಚಿಗೆ ಸಿಕ್ಕಿಸಿ ಹಗ್ಗ ಜಗ್ಗಿದ. ಒಂದೇ ಜಗ್ಗಿಗೆ ಹೊತ್ತಿತು! ಪೀಪಾಯಿಯ ನೀರೆಲ್ಲ ಎದ್ದು ನಮ್ಮ ಮುಖಕ್ಕೆ ರಾಚಿತು.

"ಆನೆ ಕಣ್ ಸಾ ಇದು," ಎಂದ ಅವನು.

ನಾನು ಆ ನೀರು ಕಂಡೇ ಮರುಳಾದೆ. ಗೋಣಿಬಟ್ಟೆ ಸುತ್ತಿ ಬಸ್ಸಿಗೆ ಹತ್ತಿಸಿದೆವು. ಬೆಟ್ಟದಿಂದ ಮಾದಪ್ಪನ ದರ್ಶನ ಮುಗಿಸಿ ಬರುತ್ತಿದ್ದ ಒಬ್ಬ ಮುದುಕಿ, ನನ್ನ ತೊಡೆಯ ಮೇಲಿನ ಗಂಟನ್ನು ನೋಡಿ, "ಯಾವ ದೇವ್ರಪ್ಪಾ ಇದು, ಸೀಮೆಣ್ಣೆ ವಾಸ್ನೆ ಬತ್ತದಲ್ಲ?" ಎಂದು ಕೈಮುಗಿದಳು. ಮಗ ಕಿಟಕಿಯ ಆಚೆ ಮುಖ ತಿರುಗಿಸಿಕೊಂಡು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಇದಾದರೂ ಆಗಲಿ ಮಾದಪ್ಪಾ ಎಂದು ನಾನೂ ಒಳಗೊಳಗೇ ಆ ಗಂಟಿಗೇ ಮುಗಿದುಬಿಟ್ಟೆ.

ಹೊಳೆಗಿಳಿಸಿದೆವು. ದೊರೆಯ ಮಿಷಿನ್ನಿನ ಪಕ್ಕದಲ್ಲಿ ಇದನ್ನೂ ಕಚ್ಚಿಸಿದೆವು. ಹಗುರ, ದೋಣಿ ನೆಟ್ಟಗೇ ಕೂತಿತು. ದೊಡ್ಡದರಲ್ಲಿ ನಡುಹೊಳೆಗೆ ಹೋಗಿ, ಅದನ್ನು ಆರಿಸಿ, ಇದನ್ನು ಹೊತ್ತಿಸಿದೆವು. ದೋಣಿಯ ಮೂತಿಯನ್ನು ಹರಿವಿಗೆ ಎದುರಾಗಿ ಮೇಲ್ಹೊಳೆಗೆ ತಿರುಗಿಸಿ ಮಿಷಿನ್ನನ್ನು ಪೂರ್ತಿ ವೇಗಕ್ಕೆ ಬಿಟ್ಟೆವು. ಅರಚಿತು, ಹೊಗೆ ಕಾರಿತು, ನಡುಗಿತು. ದೋಣಿ ಮಾತ್ರ ಇದ್ದಲ್ಲೇ ಇತ್ತು. ಮುಂದಕ್ಕೆ ಒಂದು ಮೊಳ ಇಲ್ಲ. ದಡದ ಹುಣಸೆಮರ ನೇರಕ್ಕೆ ಇದ್ದದ್ದು ನೇರಕ್ಕೇ ಇದೆ. ಪೀಪಾಯಿಯಲ್ಲಿ ಆನೆ, ಹೊಳೆಯಲ್ಲಿ ಹೆಗ್ಗಣ!

"ಅಪ್ಪಾ, ಓಯ್ತಾ ಇಲ್ಲ," ಎಂದ ಮಗ.

"ನಂಗೂ ಕಣ್ಣವೆ ಕಣ್ಲಾ!" ಎಂದು ರೇಗಿದೆ. ಟವೆಲ್ಲು ತೆಗೆದು ಆ ಮಿಷಿನ್ನಿನ ತಲೆಗೆ ಬಡಿದೆ. ದಡಕ್ಕೆ ಬಂದು ಮರಳಿನ ಮೇಲೆ ಕುಕ್ಕರಿಸಿದೆ. ಬೀಗಿತಿಗೆ ಜೋಡಿ ತೋರಿಸಿ ಕೂಸನ್ನು ತರಬಹುದಿತ್ತು, ಅವರು ಓಡಿಸಿ ನೋಡುವವರಲ್ಲ. ಆದರೆ ದೊಡ್ಡದು ಕೈಕೊಟ್ಟರೆ ಇದು ದಡ ಕಾಣಿಸುವುದಿಲ್ಲವಲ್ಲ. ಹೆಸರಿಗೆ ಎರಡು ಕಟ್ಟಿಕೊಂಡು ಆ ಪುಟ್ಟ ಜೀವವನ್ನು ಕೂರಿಸಿಕೊಳ್ಳಲೇ? ನಾಳೆಯೇ ಇದನ್ನು ಹನೂರಿನ ಕೊಟ್ಟಿಗೆಗೇ ಎಸೆದು ಬರುತ್ತೇನೆ ಎಂದೆ.

ನಮ್ಮ ಮನೆಯವಳು ಸೀರೆ ಹಿಂಡುತ್ತಾ ನಿಂತಿದ್ದಳು.

"ಯಾಕೆ ಎಸೀಬೇಕು? ಚೆನ್ನಾಗಿ ನಿಂತಿತ್ತಲ್ಲ."

"ನಿಂತಿದ್ದೇ ಕಣೇ ನನ್ನ ಕರ್ಮ!"

"ಅಲ್ರೀ, ಕೂಸ್ನ ಒಳೇಗೆ ತೋರ್ಸಕ್ಕೆ ದೋಣಿ ನಿಲ್ಬೇಕೋ, ಓಡ್ಬೇಕೋ? ನಿಲ್ಸಿದ್ರೆ ತೇಲೋಯ್ತದೆ ಅಂತ ತಾನೇ ಬೀಗ್ರಿಗೆ ದಿಗಿಲು? ಇದು ತೇಲೋಗಕ್ಕೂ ಬಿಡಕ್ಕಿಲ್ಲ. ದೊಡ್ಡದು ಕೆಟ್ರೂ, ರಿಪೇರಿ ಆಗೋಗಂಟ ಇಡ್ಕಂಡಿರ್ತದೆ."

ನಾನು ಎದ್ದು ಪಂಚೆಯ ಮರಳು ಕೊಡವಿಕೊಂಡೆ. ಮಗ ಆಗಲೇ ಪೆಟ್ರೋಲಿನ ಡಬ್ಬ ಹುಡುಕಲು ಓಡಿದ್ದ.

ಒಳ್ಳೆಯ ದಿನ ನೋಡಿ ಆಚೆ ದಡಕ್ಕೆ ಹೋದೆವು. ಬೀಗಿತಿ ದೋಣಿಯ ಹಿಂಬದಿಗೆ ಬಂದು ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿ, "ಇದೇನು, ಅದರ ಮರೀನಾ?" ಎಂದರು. ಸೊಸೆ ಕೂಸನ್ನು ಎದೆಗವಚಿಕೊಂಡು ಕೂತಳು. ಬೀಗಿತಿ ತೆಂಗಿನಕಾಯಿ, ಅರಿಶಿನ, ಕುಂಕುಮದ ತಟ್ಟೆ ಹಿಡಿದು ನಡುವೆ ಕೂತರು.

ನಡುಹೊಳೆಯಲ್ಲಿ ಮೂತಿಯನ್ನು ಮೇಲ್ಹೊಳೆಗೆ ತಿರುಗಿಸಿ, ಮರಿಯನ್ನು ಹೊತ್ತಿಸಿ, ದೊಡ್ಡದನ್ನು ಆರಿಸಿದೆ. ದೋಣಿ ನಿಂತಿತು. ಸುತ್ತ ಹೊಳೆಯೆಲ್ಲ ಓಡುತ್ತಿದೆ, ಕೊಂಬೆ, ಸೋಗೆ, ನೊರೆ ಎಲ್ಲ ಪಕ್ಕದಲ್ಲೇ ಕೊಚ್ಚಿಹೋಗುತ್ತಿವೆ, ನಾವು ಮಾತ್ರ ಹುಣಸೆಮರದ ನೇರಕ್ಕೆ ನಿಂತಿದ್ದೇವೆ! ಸೊಸೆ ಬಗ್ಗಿ ಕೂಸಿನ ಅಂಗಾಲಿಗೆ ನೀರು ಮುಟ್ಟಿಸಿದಳು. ಕಾಲು ಜಾಡಿಸಿದಳು ನೋಡಿ ನನ್ನ ಬಂಗಾರ, ಕುಂಕುಮದ ತಟ್ಟೆಗೇ ಒದ್ದಳು. ಇವಳು ನಿನ್ನವಳೇ ತಾಯಿ ಎಂದು ನಾವೆಲ್ಲ ಕೂಗಿ ಹೇಳಿದೆವು. ಮರಿ ಅಷ್ಟು ಅರಚುತ್ತಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ನಾನು ಹಗ್ಗಕ್ಕೆ ಕೈಹಾಕುವಷ್ಟರಲ್ಲಿ ಬೀಗಿತಿ ಎದ್ದು ಬಂದು, ದೊಡ್ಡ ಮಿಷಿನ್ನಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಅದರ ತಲೆಯ ಮೇಲೇ ಕಾಯಿ ಒಡೆದು ನೀರನ್ನೆಲ್ಲ ಅಭಿಷೇಕ ಮಾಡಿಬಿಟ್ಟರು.

"ಅಮ್ಮಾ! ಏನ್ ಮಾಡಿದ್ರಿ!"

"ಇದ್ಕೂ ಒಂದು ಪೂಜೆ ಬ್ಯಾಡ್ವಾ? ಪೂಜೆ ಇಲ್ದೆ ತಾನೇ ಅವತ್ತು ಮುನಿಸ್ಕಂಡಿದ್ದು?"

ಜಗ್ಗಿದೆ. ಹೊತ್ತಲಿಲ್ಲ. ಮತ್ತೆ ಸುತ್ತಿದೆ, ಜಗ್ಗಿದೆ. ಕಾಯಿನೀರು ಕುಡಿದ ಮಿಷಿನ್ನು ಗೊಳಗೊಳ ಎಂದಿತು. ಮಗ ಪ್ಲಗ್ಗು ಬಿಚ್ಚಿದ, ಊದಿದ, ನನ್ನ ಪಂಚೆಯಂಚಿಗೆ ಒರೆಸಿದ. ಪಕ್ಕದಲ್ಲಿ ಮರಿ ನಡುಗಿ ನಡುಗಿ ಹಿಡಿದುಕೊಂಡಿದೆ. ಅದರ ಪೆಟ್ರೋಲು ತೀರಿದರೆ ಕೆಳಗೆ ಕಬ್ಬಿನ ಗದ್ದೆ, ಅದು ತಪ್ಪಿದರೆ ಬಂಡೆಸಾಲು. ನಾನು ಬೈಯದ ಬೈಗುಳವಿಲ್ಲ. ದೊರೆಗೆ ಬೈದೆ, ತೆಂಗಿನಮರಕ್ಕೆ ಬೈದೆ, ಬೀಗಿತಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಬೈದೆ. ಅವರು ಮಾತ್ರ ಹುಣಸೆಮರವನ್ನೇ ನೋಡುತ್ತಾ, "ಜರುಗಿಲ್ಲ ಬಿಡಿ, ನಿಧಾನುಕ್ಕೆ ಮಾಡಿ," ಎಂದರು. ಈ ಗಲಾಟೆಯೊಳಗೆ ಕೂಸು ನಿದ್ದೆಹೋಗಿತ್ತು!

ಹಗ್ಗ ಅಂಗೈಯ ಚರ್ಮ ಸುಲಿದ ಮೇಲೆ ದೊಡ್ಡದು ಕೆಮ್ಮಿ, ಕಾಯಿತುರಿ ಉಗಿದು, ಹೊತ್ತಿಕೊಂಡಿತು.

ದಡದಲ್ಲಿ ನಮ್ಮ ಮನೆಯವಳು ಆರತಿ ಹಿಡಿದು ನಿಂತಿದ್ದಳು. ಬೀಗಿತಿ ಇಳಿದವರೇ ಕೂಸನ್ನು ಸೊಸೆಯ ಕೈಯಿಂದ ತೆಗೆದುಕೊಂಡು ನನ್ನ ಕಡೆ ಚಾಚಿದರು. ಅಂಗೈ ಬೊಬ್ಬೆ ಎದ್ದಿತ್ತು, ಮುಂಗೈಗಳ ಮೇಲೆ ಹಾಕಿಸಿಕೊಂಡೆ. ಒದ್ದೆಯ ಕಾಲು ಎದೆಗೆ ತಣ್ಣಗೆ ತಾಗಿತು.

"ಜೋಡಿ ಮಿಷಿನ್ನು ಬೇಕು ಅಂದಿದ್ದು ಯಾರು ಬೀಗ್ರೇ?" ಎಂದರು.

ನನಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೂಸು ಏಳಬಾರದೆಂದು ಪಿಸುಮಾತಿನಲ್ಲೇ ರೇಗಿದೆ:

"ನೀವೇ ಅಮ್ಮಾ, ನೀವೇ!"